ಹುಣಸೆಹಣ್ಣು ಹಾಕಿ ತಿಕ್ಕಿದ ಬಂಗಾರದ ತಟ್ಟೆ

ನಮ್ಮ ಮನೆಯ ಪಡಸಾಲೆಯಲ್ಲಿ ದೇವರ ಫೋಟೋಗಳಿಗಿಂತ ಪರದೇಶದ ಹಾಡುಗಾರರ ಬಹುಮಾನಗಳೇ ಹೆಚ್ಚು ಜಾಗ ಹಿಡಿದಿದ್ದವು. ಅದು ನಮ್ಮ ಯಜಮಾನರ ಹುಚ್ಚು. ರಾಕ್ ಬ್ಯಾಂಡುಗಳಿಗೆ ಪ್ರಶಸ್ತಿ ಕೊಟ್ಟ ಸಮಾರಂಭಗಳ ಗುರುತುಗಳನ್ನು ಕೂಡಿಹಾಕುತ್ತಿದ್ದರು. ಆಮಂತ್ರಣ ಪತ್ರ, ಕೊರಳಿಗೆ ಹಾಕಿಕೊಳ್ಳುವ ಪಾಸು, ಗೆದ್ದವರ ಹೆಸರನ್ನು ಒಳಗಿಟ್ಟು ತಂದ ಲಕೋಟೆ, ಕುರ್ಚಿಯ ಬೆನ್ನಿಗೆ ಅಂಟಿಸಿದ್ದ ಚೀಟಿ, ಇಂಥವು. ಯಾರೋ ಕೂತೆದ್ದ ಕುರ್ಚಿಯ ಚೀಟಿಗೆ ಗಾಜು ಹಾಕಿಸಿ ಮೊಳೆ ಹೊಡೆಯುವ ಗಂಡನನ್ನು ಕಟ್ಟಿಕೊಂಡವಳು ನಾನು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ದಿನಕ್ಕೆ ಒಂದು ಸಲವಾದರೂ ಅನ್ನುತ್ತಿದ್ದೆ. ಅವರು ನಗುತ್ತಿದ್ದರು.

ಆ ಗೋಡೆಯ ನಡುವೆ ಒಂದು ಬಂಗಾರದ ತಟ್ಟೆ ಇತ್ತು. ಒಂದು ಬ್ಯಾಂಡಿನ ರೆಕಾರ್ಡು ಭಾರೀ ಮಾರಾಟವಾದರೆ, ಹಾಡಿದವರಿಗೂ ಅವರ ಜೊತೆ ದುಡಿದವರಿಗೂ ಕಂಪನಿಯವರು ರೆಕಾರ್ಡಿನ ಆಕಾರದ ಲೋಹದ ತಟ್ಟೆಗೆ ಬಂಗಾರದ ನೀರು ಕೊಟ್ಟು, ಚೌಕಟ್ಟು ಹಾಕಿ ಕೊಡುತ್ತಾರಂತೆ. ಅಂಥದೊಂದು ತಟ್ಟೆ ತುಂಗಭದ್ರಾ ಡ್ಯಾಮಿನ ಕ್ವಾರ್ಟರ್ಸಿನಲ್ಲಿ, ನಮ್ಮ ಮನೆಯಲ್ಲಿ ಇತ್ತು. ಅದನ್ನು ಹಾಳು ಮಾಡಿದವಳು ನಾನು. ಹಾಳು ಮಾಡಿದೆ ಎಂಬುದು ನನಗೆ ತಿಳಿದದ್ದು ಅವರು ಹೋದ ಮೇಲೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಬೇರೆ ಯಾವ ಘನಕಾರ್ಯವನ್ನೂ ನಾನು ಮಾಡಿಲ್ಲ.

ಅವರದು ಡ್ಯಾಮಿನಲ್ಲಿ ಎಲೆಕ್ಟ್ರಿಷಿಯನ್ ಕೆಲಸ. ಡ್ಯೂಟಿ ಮುಗಿಸಿ ಬಂದು ರೇಡಿಯೋ, ಟೇಪ್‌ರೆಕಾರ್ಡರ್ ಬಿಚ್ಚಿಕೊಂಡು ಕೂರುತ್ತಿದ್ದರು. ಹಂಪಿಗೆ ಬರುವ ಪರದೇಶದವರು ಕೆಟ್ಟ ಟೇಪ್‌ರೆಕಾರ್ಡರ್ ಹಿಡಿದು ಹೊಸಪೇಟೆಯ ಅಂಗಡಿಗಳಿಗೆ ಬಂದರೆ, ಅಂಗಡಿಯವರು ಅವರನ್ನು ನಮ್ಮ ಮನೆಗೆ ಅಟ್ಟುತ್ತಿದ್ದರು. ಹಾಗೆ ಬಂದವರಲ್ಲಿ ಒಬ್ಬ ಮುದುಕ ಪ್ರತಿ ಚಳಿಗಾಲ ಬರತೊಡಗಿದ. ಬಿಳಿ ಗಡ್ಡ, ಬಿಸಿಲಿಗೆ ಕೆಂಪಾದ ಮೂಗು. ನದಿಯ ಆಚೆ ದಡದಲ್ಲಿ ಕೋಣೆ ಹಿಡಿದಿರುತ್ತಿದ್ದ. ನಾನು ಅವನನ್ನು ಕೆಂಪು ತಾತ ಎನ್ನುತ್ತಿದ್ದೆ. ಹರೆಯದಲ್ಲಿ ಅವನು ಒಂದು ದೊಡ್ಡ ಬ್ಯಾಂಡಿನ ಜೊತೆ ಊರೂರು ತಿರುಗಿ ಧ್ವನಿಪೆಟ್ಟಿಗೆ ಜೋಡಿಸುವ ಕೆಲಸ ಮಾಡಿದವನಂತೆ. ಆ ಬ್ಯಾಂಡಿನ ಹೆಸರು ನನ್ನ ಬಾಯಲ್ಲಿ ಇವತ್ತಿಗೂ ಸರಿಯಾಗಿ ಹೊರಳುವುದಿಲ್ಲ. ಇಬ್ಬರೂ ವೈರು ಹಿಡಿದು ಕೂತರೆ ಊಟದ ನೆನಪಿರುತ್ತಿರಲಿಲ್ಲ. ನಾನು ಜೋಳದ ರೊಟ್ಟಿ ಬಡಿದು ಹಾಕುತ್ತಿದ್ದೆ, ಅವನು ಶೇಂಗಾ ಚಟ್ನಿ ಹಚ್ಚಿಕೊಂಡು ಕಣ್ಣಲ್ಲಿ ನೀರು ಸುರಿಸುತ್ತ ತಿನ್ನುತ್ತಿದ್ದ. ಕುರ್ಚಿಯ ಚೀಟಿ, ಪಾಸು ಎಲ್ಲ ಮೊದಲು ತಂದುಕೊಟ್ಟವನು ಅವನೇ. ಅಲ್ಲಿಂದ ನಮ್ಮವರಿಗೆ ಹುಚ್ಚು ಹತ್ತಿತು.

ಒಂದು ಚಳಿಗಾಲ ಕೆಂಪು ತಾತ ಬರಲಿಲ್ಲ. ಬೇಸಿಗೆಯ ಹೊತ್ತಿಗೆ ಒಂದು ಪಾರ್ಸೆಲ್ ಬಂತು. ಹತ್ತಿ, ಹಳೇ ಪೇಪರು ಬಿಡಿಸುತ್ತ ಹೋದ ಹಾಗೆ ಒಳಗೆ ಈ ತಟ್ಟೆ. ಜೊತೆಗೆ ಎರಡು ಸಾಲಿನ ಕಾಗದ. ನನಗೆ ಇದನ್ನು ತೂಗುಹಾಕಲು ಗೋಡೆ ಉಳಿದಿಲ್ಲ, ನಿಮ್ಮ ಗೋಡೆ ಚೆನ್ನಾಗಿದೆ ಎಂದು ಬರೆದಿದ್ದಾನೆ ಎಂದು ನಮ್ಮವರು ಓದಿ ಹೇಳಿದರು. ತಟ್ಟೆಯ ಬಗ್ಗೆ ಇನ್ನೂ ಏನೇನೋ ಹೇಳಿದರು. ಬ್ಯಾಂಡಿನ ನಾಲ್ವರೂ ತಮ್ಮ ಕೈಯಾರೆ ಅದರ ಮೇಲೆ ಸಹಿ ಹಾಕಿ ಅವನಿಗೆ ಕೊಟ್ಟಿದ್ದರು ಎಂಬುದನ್ನು ಆ ದಿನ ಖಂಡಿತ ಹೇಳಿರಬೇಕು. ಹೇಳದೆ ಇರುವ ಮನುಷ್ಯ ಅಲ್ಲ ಅವರು. ನಾನು ಒಲೆಯ ಮೇಲಿನ ಸಾರು ಉಕ್ಕೀತು ಎಂದು ಒಳಗೆ ಓಡಿದ್ದೆ. ಕೇಳಿಸಿಕೊಂಡಿರಲಿಲ್ಲ.

ತಟ್ಟೆ ಬಂದ ಮೇಲೆ ಮನೆಗೆ ಮಂದಿ ಬರತೊಡಗಿದರು. ಕಂಪ್ಲಿಯ ರೈಸ್‌ಮಿಲ್ಲಿನ ಸಾಹುಕಾರರು, ಸಂಡೂರಿನ ಒಬ್ಬ ಇಂಗ್ಲಿಷ್ ಮೇಷ್ಟ್ರು. ಇಬ್ಬರಿಗೂ ಇದೇ ರೋಗ. ಎಲ್ಲೆಲ್ಲಿಂದಲೋ ಇಂಥ ವಸ್ತುಗಳನ್ನು ತರಿಸುವವರು, ಬೆಂಗಳೂರು, ಹೈದರಾಬಾದಿನ ಇನ್ನೂ ಹತ್ತಾರು ಜನರ ಜೊತೆ ಫೋನಿನಲ್ಲಿ ಹರಟುವವರು. ತಿಂಗಳ ಮೊದಲ ಭಾನುವಾರ ನಮ್ಮ ಮನೆಯಲ್ಲಿ ಸೇರುತ್ತಿದ್ದರು. ಮೊದಲು ತಟ್ಟೆಯ ಮುಂದೆ ಕೈಕಟ್ಟಿ ನಿಲ್ಲುವುದು, ಆಮೇಲೆ ರೆಕಾರ್ಡು ಹಾಕಿ ತಲೆ ಆಡಿಸುವುದು, ಆಮೇಲೆ ನನ್ನ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಮಿರ್ಚಿ ಕರಿಯುತ್ತ ನಾನು ಒಳಗಿನಿಂದ ಕೂಗುತ್ತಿದ್ದೆ.

"ಏನ್ರೀ, ಆ ಹಾಡು ಹೇಳಾವಗ ಯಾರರ ಬಡ್ಯಾಕತ್ತಾರನು? ಹಂಗ್ಯಾಕ ಒದರ್ತಾನ?"

ಸಾಹುಕಾರರು ಹೊಟ್ಟೆ ಹಿಡಿದು ನಗುತ್ತಿದ್ದರು. "ಅಕ್ಕಾರ ಮಾತು ಕೇಳಾಕರ ಕಂಪ್ಲಿಯಿಂದ ಬರಬೇಕು ನೋಡ್ರಿ."

ಆ ಭಾನುವಾರಗಳಂದು ನಮ್ಮವರ ಮುಖ ನೋಡಬೇಕಿತ್ತು. ಡ್ಯಾಮಿನಲ್ಲಿ ಅವರು ಬರೀ ಎಲೆಕ್ಟ್ರಿಷಿಯನ್. ಫ್ಯೂಸು ಹೋದಾಗ ಮಾತ್ರ ನೆನಪಾಗುವವರು. ಇಲ್ಲಿ ಮಿಲ್ಲಿನ ಸಾಹುಕಾರರೂ ಓದಿದ ಮೇಷ್ಟ್ರೂ ಅವರ ಮಾತಿಗೆ ಕಾಯುತ್ತಿದ್ದರು. ಅವರಿಗೆ ಇದ್ದ ಮರ್ಯಾದೆಯ ಜಾಗ ಅದೊಂದೇ, ನಮ್ಮ ಪಡಸಾಲೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ಬೆಂಗಳೂರಿನಲ್ಲಿ ಇಂಥ ಹುಚ್ಚರೆಲ್ಲ ಸೇರಿ ತಮ್ಮ ತಮ್ಮ ವಸ್ತುಗಳನ್ನು ಮಂದಿಗೆ ತೋರಿಸುವುದೆಂದು ದಸರೆಗೆ ಮೊದಲೇ ನಿಶ್ಚಯವಾಯಿತು. ನಮ್ಮ ತಟ್ಟೆಯನ್ನು ಬಾಗಿಲಲ್ಲೇ, ಎಲ್ಲಕ್ಕಿಂತ ಮುಂದೆ ಇಡುವುದು, ಕೆಳಗೆ ನಮ್ಮವರ ಹೆಸರು, ಊರು ಬರೆಯುವುದು ಎಂದು ಮೇಷ್ಟ್ರು ಮಾತಾಡಿ ಒಪ್ಪಿಸಿದ್ದರು. ಲಗ್ನಪತ್ರಿಕೆ ಬಿಟ್ಟರೆ ಎಲ್ಲೂ ಹೆಸರು ಅಚ್ಚಾಗದ ಮನುಷ್ಯ. ಹೊಸ ಅಂಗಿಯ ಬಟ್ಟೆ ತಂದು, ನಾನು ಹೊಲಿಗೆ ಮಷೀನಿನ ಮುಂದೆ ಕೂತಿದ್ದಾಗ ತೊಡೆಯ ಮೇಲೆ ಹಾಕಿದರು. "ಕಾಲರ್ ಚಂದ ಬರ್ಲಿ," ಎಂದರು. ಮದುವೆಯಾದಾಗಿನಿಂದ ಕಾಲರಿನ ಬಗ್ಗೆ ಒಂದು ಮಾತೂ ಆಡಿದವರಲ್ಲ.

ಆಯುಧ ಪೂಜೆ ಬಂತು. ನಮ್ಮ ಮನೆಯಲ್ಲಿ ಆ ದಿನ ಒಂದು ಸ್ಕ್ರೂಡ್ರೈವರನ್ನೂ ಬಿಡುವುದಿಲ್ಲ. ಅವರ ಸಲಕರಣೆ ಪೆಟ್ಟಿಗೆ, ನನ್ನ ಹೊಲಿಗೆ ಮಷೀನು, ಕತ್ತರಿ, ಸ್ಕೂಟರು, ಈಳಿಗೆ, ಎಲ್ಲವನ್ನೂ ಒರೆಸಿ ತೊಳೆದು ವಿಭೂತಿ ಹಚ್ಚಬೇಕು. ತಾಮ್ರ, ಹಿತ್ತಾಳೆ ಏನಿದ್ದರೂ ಹುಣಸೆಹಣ್ಣು, ಉಪ್ಪು, ನೀರೊಲೆಯ ಬೂದಿ ಹಾಕಿ ತಿಕ್ಕಬೇಕು. ಅವರು ಬೆಳಗಿನ ಪಾಳಿಗೆ ಹೋಗಿದ್ದರು. ದೀಪದ ಸಮೆ, ಗಂಟೆ, ತಂಬಿಗೆ ಎಲ್ಲ ಮುಗಿಸಿ ತಲೆ ಎತ್ತಿದರೆ ಗೋಡೆಯ ಮೇಲೆ ಈ ತಟ್ಟೆ, ಮಂಕಾಗಿ ನನ್ನನ್ನೇ ನೋಡುತ್ತಿತ್ತು. ಅಷ್ಟು ಮಂದಿಯ ಮುಂದೆ ಹೋಗುವ ವಸ್ತು ಹೀಗಾ ಇರುವುದು ಎನಿಸಿತು. ನೋಡಿದವರು ಇವರ ಮನೆಯಲ್ಲಿ ಹೆಂಗಸರಿಲ್ಲವೇನು ಎಂದಾರು.

ಕೆಳಗಿಳಿಸಿ, ಹಿಂದಿನ ಸಣ್ಣ ಮೊಳೆಗಳನ್ನು ಅವರದೇ ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದೆ. ತಟ್ಟೆಯ ಮೇಲೆ ಕಪ್ಪು ಪೆನ್ನಿನಲ್ಲಿ ಅಡ್ಡಾದಿಡ್ಡಿ ಗೀಚಿತ್ತು. ಹೊಸಪೇಟೆಯ ಪಾತ್ರೆ ಅಂಗಡಿಯವರು ಹೊಸ ಕೊಡದ ಮೇಲೆ ತೂಕ, ರೇಟು ಗೀಚುತ್ತಾರಲ್ಲ, ಹಾಗೇ ಇತ್ತು. ಮನೆಗೆ ತಂದ ಹೊಸ ಪಾತ್ರೆಯ ಮೇಲಿನ ಆ ಗೀಚನ್ನು ಮೊದಲು ತಿಕ್ಕಿ ತೆಗೆಯುವುದು ನಮ್ಮ ರೂಢಿ. ತಿಕ್ಕಿದೆ. ಮೊದಲು ಕಪ್ಪು ಹೋಯಿತು. ಆಮೇಲೆ ಮಂಕು ಹಳದಿ ಹೋಗತೊಡಗಿತು, ಕೆಳಗಿನಿಂದ ಕೆಂಪು ತಾಮ್ರ ಎದ್ದು ಬಂತು. ಇಷ್ಟು ವರ್ಷದ ಕಿಲುಬು ಎಂದುಕೊಂಡು ಇನ್ನೂ ಹುರುಪಿನಿಂದ ತಿಕ್ಕಿದೆ. ಮೆಣಸಿನಕಾಯಿ ಹೆಚ್ಚಿದ ಕೈ, ಬೆರಳ ಸಂದಿಯಲ್ಲಿ ಹುಳಿ ಇಳಿದು ಉರಿ. ಬಿಡಲಿಲ್ಲ. ಅಂಚಿನಲ್ಲಿ ಅಲ್ಲಲ್ಲಿ ಸ್ವಲ್ಪ ಕಪ್ಪು ಗೆರೆ ಹಟ ಹಿಡಿದು ಉಳಿದವು. ಅವು ಬರುವ ವರ್ಷಕ್ಕೆ ಎಂದು ಕೈಬಿಟ್ಟೆ.

ಅವರು ಬಂದು ಬಾಗಿಲಲ್ಲೇ ನಿಂತರು. ಊಟದ ಡಬ್ಬಿ ಕೈಯಲ್ಲೇ ಇತ್ತು.

"ಯಾರು ಬಿಚ್ಚಿದ್ರು ಅದನ್ನ?"

"ನಾನ ಬಿಚ್ಚೀನ್ರಿ. ನೋಡ್ರಿ ಹೆಂಗ ಹೊಳಿಯಾಕತ್ತೈತಿ. ಅಷ್ಟು ಮಂದ್ಯಾಗ ಒಯ್ಯಾವ್ರು, ಹೊಲಸು ಹಂಗ ಇಟ್ಟಿದ್ರಿ. ನಾ ಇರಲಿಲ್ಲಂದ್ರ ನಿಮ್ಮ ಗತಿ ಏನು?"

ಅವರು ತಟ್ಟೆಯನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದರು. ಮೆಚ್ಚಿ ನೋಡುತ್ತಿದ್ದಾರೆ ಎಂದು ನಾನು ಹಿಗ್ಗಿದೆ. ಆಮೇಲೆ ನನ್ನ ಕೈ ನೋಡಿದರು. ನೀರಿನಲ್ಲಿ ನೆನೆದು ಮುದುಡಿದ ಬೆರಳು, ಕೆಂಪಗಾಗಿದ್ದವು.

"ಕೈ ಉರಿಯಾಕತ್ತಾವನು?" ಎಂದು ಕೇಳಿದರು.

"ಉರೀತಾವ ಬಿಡ್ರಿ. ಹೆಂಗೈತಿ ಹೇಳ್ರಿ ಮೊದ್ಲು."

"ಭಾಳ ಚಲೋ ಹೊಳೀತೈತಿ," ಎಂದರು. ತಾವೇ ಅದನ್ನು ಸಲಕರಣೆ ಪೆಟ್ಟಿಗೆಯ ಪಕ್ಕ ಇಟ್ಟು, ಮೂರು ಬೆರಳಲ್ಲಿ ವಿಭೂತಿ ಎಳೆದರು. ಊಟ ಬೇಡ, ಹಸಿವಿಲ್ಲ ಎಂದರು. ಹಬ್ಬದ ಹೋಳಿಗೆ ಉಳಿಯಿತು ಎಂದು ನಾನು ಗೊಣಗಿದೆ.

ಮರುದಿನ ದಶಮಿ. ಬನ್ನಿ ತರಲು ಒಬ್ಬರೇ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿದ್ದವು. ಧೂಳು ಎಂದರು. ನಮ್ಮ ಕಡೆ ಬನ್ನಿ ಕೊಡುವುದೆಂದರೆ ವರ್ಷದ ಸಿಟ್ಟು, ಜಗಳ ಎಲ್ಲ ಅಲ್ಲಿಗೆ ಬಿಟ್ಟ ಹಾಗೆ. ಕಿರಿಯರು ಹಿರಿಯರಿಗೆ ಕೊಟ್ಟು ಕಾಲಿಗೆ ಬೀಳುತ್ತಾರೆ. ನಾನು ಕೊಡುವ ಮೊದಲೇ ಅವರು ಎಲೆಗಳನ್ನು ನನ್ನ ಕೈಯಲ್ಲಿಟ್ಟು, ಎರಡೂ ಕೈಯಿಂದ ಮುಚ್ಚಿ ಹಿಡಿದರು.

"ಬನ್ನಿ ತಗೊಂಡು ಬಂಗಾರದಂಗ ಇರೂಣು."

"ಏನ್ರೀ ಇದು, ಹೊಸ ಮದಲಿಂಗನಂಗ ಕೈ ಹಿಡ್ಕೊಂಡ್ರಿ," ಎಂದು ನಾನು ನಕ್ಕೆ. ಅವರೂ ನಕ್ಕರು.

ಬೆಂಗಳೂರಿಗೆ ಹೋಗಲಿಲ್ಲ. ಡ್ಯೂಟಿ ಇದೆ, ರಜೆ ಸಿಗಲಿಲ್ಲ ಎಂದರು. ಹೊಲಿದಿಟ್ಟ ಅಂಗಿಯನ್ನು ಮಗಳ ಸೀಮಂತಕ್ಕೆ ಅವಳ ಗಂಡನ ಊರು ಮೆಟ್ರಿಗೆ ಹಾಕಿಕೊಂಡು ಹೋದರು. ಆ ಮೇಲೆ ಮೊದಲ ಭಾನುವಾರವೂ ನಿಂತಿತು. ಸಾಹುಕಾರರು ಬರಲಿಲ್ಲ, ಮೇಷ್ಟ್ರೂ ಬರಲಿಲ್ಲ. ಮೂರು ತಿಂಗಳು ಮಂಡಕ್ಕಿ ತಂದಿಟ್ಟು ಕಾದೆ, ಕೊನೆಗೆ ಕೆಲಸದಾಕೆಗೆ ಕೊಟ್ಟೆ. ಒಂದು ದಿನ ತಡೆಯದೆ ಅವರಿಗೇ ಜೋರು ಮಾಡಿದೆ.

"ನಿಮಗ ಮಂದೀನ ಉಳಿಸ್ಕೊಳ್ಳಾಕ ಬರಂಗಿಲ್ಲ. ಏನರ ಅಂದಿರ್ತೀರಿ. ಅಷ್ಟು ಚಲೋ ಮಂದಿ, ಮನಿಗೆ ಬರೂದ ಬಿಟ್ರು."

"ಹೂಂ. ನಂದ ತಪ್ಪು," ಎಂದರು. ಟೇಪ್‌ರೆಕಾರ್ಡರಿನ ಮೇಲೆ ಬಗ್ಗಿದ ತಲೆ ಎತ್ತಲಿಲ್ಲ.

ಅಲ್ಲಿಂದ ಒಂಬತ್ತು ಆಯುಧ ಪೂಜೆ ಕಳೆದವು. ಪ್ರತಿ ವರ್ಷ ನಾನು ಹುಣಸೆಹಣ್ಣು ನೆನೆಹಾಕಿದ ಮೇಲೆ ಅವರೇ ಗೋಡೆಯಿಂದ ತಟ್ಟೆ ಇಳಿಸಿ, ಮೊಳೆ ತೆಗೆದು ನನ್ನ ಮುಂದೆ ಇಡುತ್ತಿದ್ದರು. ಒಂದು ಸ್ಟೂಲ್ ಹಾಕಿಕೊಂಡು, ನಾನು ತಿಕ್ಕುವುದನ್ನು ನೋಡುತ್ತ ಕೂರುತ್ತಿದ್ದರು. ಕೈ ಉರಿಯಾಕತ್ತಾವನು ಎಂದು ಪ್ರತಿ ಸಲ ಕೇಳುತ್ತಿದ್ದರು. ಅವರ ಹುಚ್ಚಿನಲ್ಲಿ ನನಗೂ ಒಂದು ಪಾಲು ಸಿಕ್ಕಿತು ಎಂದು ನಾನು ಬೀಗುತ್ತಿದ್ದೆ. ಮಗಳ ಮುಂದೆ, ಓಣಿಯವರ ಮುಂದೆ ಹೇಳಿಕೊಂಡಿದ್ದೆ, ಆ ತಟ್ಟೆ ಹೊಳೆಯುವುದು ನನ್ನ ಕೈಯಿಂದ ಎಂದು.

ನಿವೃತ್ತಿಯಾಗಿ ಹೊಸಪೇಟೆಗೆ ಬಾಡಿಗೆ ಮನೆಗೆ ಬಂದೆವು. ಹೋದ ಚಳಿಗಾಲ ಒಂದು ಬೆಳಿಗ್ಗೆ ಚಹಾ ಕುಡಿಯುತ್ತಿದ್ದವರು ಎದೆ ಹಿಡಿದುಕೊಂಡರು. ಆಟೋ ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ನನ್ನ ತೊಡೆಯ ಮೇಲೆ ಅವರ ತಲೆ ಇತ್ತು. ಇದಕ್ಕಿಂತ ಹೆಚ್ಚು ಅದನ್ನು ಬರೆಯಲು ನನ್ನಿಂದ ಆಗುವುದಿಲ್ಲ.

ಗೋಡೆಯ ಮೇಲಿನದೆಲ್ಲ ನಾನು ಇಟ್ಟುಕೊಂಡು ಏನು ಮಾಡಲಿ? ಬೆಲೆ ತಿಳಿದವರ ಕೈ ಸೇರಲಿ ಎಂದು ಮಗಳು ಹೇಳಿದಳು. ಕಂಪ್ಲಿಯ ಸಾಹುಕಾರರಿಗೆ ಫೋನ್ ಮಾಡಿಸಿದೆ. ಅವರು ಮರುದಿನವೇ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಸಾವಿನ ಸುದ್ದಿ ತಿಳಿಯಲಿಲ್ಲ ಎಂದು ಬಹಳ ನೊಂದುಕೊಂಡರು. ಚೀಟಿ, ಪಾಸುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ತಟ್ಟೆಯ ಮುಂದೆ ಬಂದು ನಿಂತಾಗ ಮಾತ್ರ ಅವರ ಮುಖದಲ್ಲಿ ಸಣ್ಣ ನಗೆ ಬಂತು.

"ತಪ್ಪು ತಿಳೀಬ್ಯಾಡ್ರಿ ಅಕ್ಕಾರ. ಇದನ್ನ ನೋಡಿದ್ರ ಈಗೂ ನಗು ಬರ್ತೈತಿ. ನಾವು ಯಜಮಾನ್ರಿಗೆ ಹುಣಸೆಹಣ್ಣಿನ ಮಿಸ್ತ್ರಿ ಅಂತ ಹೆಸರಿಟ್ಟಿದ್ವಿ. ಬೆಂಗಳೂರ ಮಂದಿ, ಹೈದ್ರಾಬಾದ ಮಂದಿ ಎಲ್ಲಾರೂ ಹಂಗ ಕರೀತಿದ್ರು."

"ಯಾಕ್ರಿ?" ಎಂದೆ.

"ನಿಮಗ ಗೊತ್ತಿಲ್ಲನು? ಆವತ್ತು ಬೆಂಗಳೂರಿಗೆ ಒಯ್ಯಾಕಂತ ನಾನೂ ಸಂಡೂರ ಮೇಷ್ಟ್ರೂ ಬಂದ್ವಿ. ನೀವು ಸಂತಿಗೆ ಹೋಗಿದ್ರಿ. ನೋಡ್ತೀವಿ, ನಾಲ್ಕು ಮಂದಿ ಸಹಿ ಇಲ್ಲ, ಬಂಗಾರ ಇಲ್ಲ, ಬರೇ ತಾಮ್ರ. ಏನಾತಂದ್ರ, ನಾನ ಹುಣಸೆಹಣ್ಣು ಹಾಕಿ ತಿಕ್ಕೀನಿ, ಹಬ್ಬ ಇತ್ತಲ್ಲ ಅಂದ್ರು. ಮೇಷ್ಟ್ರಿಗೆ ಭಾಳ ಸಿಟ್ಟು ಬಂತು. ಇಂಥಾ ವಸ್ತು ದೇಶದಾಗ ಇನ್ನೊಂದಿರಲಿಲ್ಲ, ನಿನ್ನಂಥ ಗಮಾರನ ಕೈಯಾಗ ಸಿಕ್ಕು ಹಾಳಾತು, ಇನ್ನ ನಿನ್ನ ಹೊಸ್ತಿಲಾ ತುಳಿಯಂಗಿಲ್ಲ ಅಂದ್ರು. ಯಜಮಾನ್ರು ತಲಿ ಬಗ್ಗಿಸಿ ನಿಂತಿದ್ರು. ನಾವೂ ಬರೂದ..." ಅವರು ನನ್ನ ಮುಖ ನೋಡಿ ಮಾತು ನಿಲ್ಲಿಸಿದರು.

ನಾನು ನೆಲದ ಮೇಲೆ ಕೂತುಬಿಟ್ಟಿದ್ದೆ.

"ತಿಕ್ಕಿದಾಕಿ ನಾನ್ರಿ," ಎಂದೆ. "ಅವರು ಡ್ಯೂಟಿಗೆ ಹೋಗಿದ್ರು. ನಾನ್ರಿ ತಿಕ್ಕಿದಾಕಿ."

ಸಾಹುಕಾರರು ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಅವರು ಅತ್ತರೋ ನಾಚಿದರೋ ನಾನು ನೋಡಲಿಲ್ಲ. ನನ್ನ ತಲೆಯಲ್ಲಿ ಒಂದೇ ಇತ್ತು. ಗಮಾರ ಎಂದವರ ಮುಂದೆ ಹೋಗಿ ಹೇಳಬೇಕು. ನನ್ನ ಗಂಡ ತಮಗೆ ಇದ್ದ ಒಂದೇ ಮರ್ಯಾದೆಯನ್ನು ನನ್ನ ಸಲುವಾಗಿ ಕಳೆದುಕೊಂಡಿದ್ದಾರೆ, ಅದನ್ನು ತಿರುಗಿ ತಂದುಕೊಡಬೇಕು. ಇವತ್ತೇ ಸಂಡೂರಿಗೆ ಕರೆದುಕೊಂಡು ಹೋಗಿರಿ ಎಂದು ಹಟ ಹಿಡಿದೆ. ಸಾಹುಕಾರರ ಕಾರಿನಲ್ಲೇ ಹೋದೆವು. ದಾರಿಯುದ್ದಕ್ಕೂ ಅದಿರು ಲಾರಿಗಳ ಕೆಂಪು ಧೂಳು. ತಟ್ಟೆಯನ್ನು ನಮ್ಮವರ ಹಳೇ ಪಂಚೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ.

ಮೇಷ್ಟ್ರು ಹಾಸಿಗೆ ಹಿಡಿದಿದ್ದರು. ಕಿವಿ ಮಂದ. ನಾನು ಗಟ್ಟಿಯಾಗಿ, ಇಡೀ ಓಣಿಗೆ ಕೇಳುವ ಹಾಗೆ ಹೇಳಿದೆ. ಹೇಳಿ ಮುಗಿಸಿದೆ. ತಟ್ಟೆ ಕೊಡಿ ಎಂದು ಕೈ ಚಾಚಿದರು. ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ಅಂಚಿನ ಸುತ್ತ ಬೆರಳು ಆಡಿಸುತ್ತ ಏನನ್ನೋ ಹುಡುಕಿದರು.

"ಆವತ್ತು ನಾ ನೋಡಿದಾಗ ಇಲ್ಲಿ ಒಬ್ಬಾವನ ಸಹಿ ಅರ್ಧ ಇತ್ತವ್ವ," ಎಂದರು. "ಇಲ್ಲಿ ಇನ್ನೊಬ್ಬಾವಂದು ಬಾಲ ಇತ್ತು. ಸುತ್ತ ಬಂಗಾರನೂ ಒಂದೀಟು ಉಳಿದಿತ್ತು. ಅಷ್ಟರ ಜ್ವಾಕಿ ಮಾಡು ಅಂತ ಬೈದು ಹೇಳಿದ್ದೆ. ಈಗ ಅದೂ ಇಲ್ಲ. ಆಮ್ಯಾಲೂ ತಿಕ್ಕೀರನು?"

"ವರ್ಷಾ ತಿಕ್ಕೀನ್ರಿ. ಅವರ ತಂದು ಕೊಡ್ತಿದ್ರು."

ಮೇಷ್ಟ್ರು ತಟ್ಟೆಯನ್ನು ಎದೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ನನಗೆ ಆಗ ಅರ್ಥವಾಯಿತು. ಈ ವರ್ಷ ಇದೊಂದು ಬೇಡ ಎಂದು ನಮ್ಮವರು ಅಂದಿದ್ದರೆ ನಾನು ಯಾಕೆ ಎಂದು ಕೇಳುತ್ತಿದ್ದೆ. ಕೇಳದೆ ಬಿಡುವ ಬಾಯಿ ಅಲ್ಲ ನನ್ನದು. ನನಗೆ ತಿಳಿಯಬಾರದು ಎಂದು ಉಳಿದಿದ್ದ ಆ ಅರ್ಧ ಸಹಿಯನ್ನೂ, ಆ ಒಂದಿಷ್ಟು ಬಂಗಾರವನ್ನೂ ಅವರು ತಾವೇ ಇಳಿಸಿ ಇಳಿಸಿ ನನ್ನ ಕೈಗೆ ಕೊಟ್ಟಿದ್ದರು. ಸ್ಟೂಲಿನ ಮೇಲೆ ಕೂತು, ಅದು ಹೋಗುವುದನ್ನು ವರ್ಷ ವರ್ಷ ನೋಡಿದ್ದರು. ಬೈದಿದ್ದರೆ ಚೆನ್ನಾಗಿತ್ತು. ಒಂದು ಏಟು ಹೊಡೆದಿದ್ದರೂ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ. ಅವರ ಮೇಲೆ ಸಿಟ್ಟೂ ಬರುತ್ತದೆ. ಒಂದು ಮಾತು ಹೇಳಬಾರದಿತ್ತೇ?

ಮೇಷ್ಟ್ರು ಮಲಗಿದಲ್ಲಿಂದಲೇ ಬೆಂಗಳೂರಿಗೆ, ಹೈದರಾಬಾದಿಗೆ ಫೋನ್ ಹಚ್ಚಿಸಿ ಎಲ್ಲರಿಗೂ ಹೇಳಿದರು. ನಾನು ಪಕ್ಕದಲ್ಲೇ ಕೂತು ಕೇಳಿದೆ. ಉಳಿದ ವಸ್ತುಗಳನ್ನು ಸಾಹುಕಾರರು ಒಯ್ದು, ತಮ್ಮ ಮಿಲ್ಲಿನ ಆಫೀಸಿನಲ್ಲಿ ಸಾಲಾಗಿ ತೂಗುಹಾಕಿ, ಕೆಳಗೆ ನಮ್ಮವರ ಹೆಸರು, ಊರು ಬರೆಸಿದ್ದಾರೆ. ಹೋಗಿ ನೋಡಿ ಬಂದೆ. ಚಂದ ಬರೆಸಿದ್ದಾರೆ. ನೋಡಬೇಕಾದವರು ಇಲ್ಲ.

ತಟ್ಟೆಯನ್ನು ಮಾತ್ರ ನಾನು ಕೊಡಲಿಲ್ಲ. ಮೊನ್ನೆ ಆಯುಧ ಪೂಜೆಗೆ ಮಗಳು ಬಂದಿದ್ದಳು. ರೂಢಿಯಂತೆ ಹುಣಸೆಹಣ್ಣು ನೆನೆಹಾಕಿಟ್ಟಿದ್ದಳು. ತಾಮ್ರ ವರ್ಷದಲ್ಲಿ ಕಪ್ಪಾಗಿತ್ತು. ನಾನೇ ಇಳಿಸಿದೆ, ಒಣ ಬಟ್ಟೆಯಿಂದ ಧೂಳು ಒರೆಸಿದೆ, ವಿಭೂತಿ ಹಚ್ಚಿ ಅವರ ಸಲಕರಣೆ ಪೆಟ್ಟಿಗೆಯ ಪಕ್ಕ ಇಟ್ಟೆ. ಮರುದಿನ ಅದರ ಮೇಲೆ ನಾಲ್ಕು ಬನ್ನಿ ಎಲೆ ಇಟ್ಟು, ತಪ್ಪಾತ್ರಿ ಎಂದು ಬಾಯಿ ಬಿಟ್ಟು ಹೇಳಿದೆ. ಸ್ಟೂಲು ಅಲ್ಲೇ ಇತ್ತು. ಈ ಸಲ ನನ್ನ ಕೈ ಉರಿಯಲಿಲ್ಲ. ಕೇಳುವವರೂ ಇರಲಿಲ್ಲ.